ಮರದ ಚೂರು ಬಿಟ್ಟ ಬಣ್ಣ

ಮೊದಲು ಮಳೆ ನಿಂತಿತು, ಆಮೇಲೆ ಚಂದ್ರಾ ಲೇಔಟಿನ ದರ್ಶಿನಿಯಲ್ಲಿ ಕಾಫಿಯ ಸಾಲು ಬೆಳೆಯಿತು. ತನ್ಮಯಿಯ ಮುಂದೆ ಬಡಾವಣೆ ಸಂಘದ ಶಂಭುಲಿಂಗಪ್ಪನವರೂ, ಎದುರಿನ ಪಾರ್ಕಿನ ಕೊಳಕ್ಕೆ ಮಳೆನೀರಿನ ಫಿಲ್ಟರ್ ಕಟ್ಟಿದ ಐಶ್ವರ್ಯಳೂ ನಿಂತಿದ್ದರು.

“ಹೋದ ಮಳೆಗೆ ನಿನ್ನ ಫಿಲ್ಟರಲ್ಲಿ ಡಿಕಾಕ್ಷನ್ ಇಳೀತಲ್ಲಮ್ಮ! ಇವತ್ತೇ ಕಿತ್ತಾಕಿಸ್ತೀನಿ.”

“ಅದು ಚರಂಡಿ ಕೊಳೆಯಲ್ಲ ಅಂಕಲ್. ಮರದ ಚೂರನ್ನ ನೆನೆಸಿ ತೊಳೀದೆ ತುಂಬಿದ್ದೆ, ಅದರ ಸಾವಯವ ಇಂಗಾಲ, ಅಂದ್ರೆ ಮರದ ಕಂದು ರಸ, ನೀರಿಗಿಳೀತು.”

“ನಮ್ಮ ಮೀನಿಗೆ ಉಸಿರು ಕಟ್ಟಿದ್ರೆ?”

“ಕಟ್ಟಲ್ಲ. ಆ ನೀರನ್ನ ಕೊಳಕ್ಕೆ ಬಿಡದೆ ಹುಲ್ಲಿಗೆ ತಿರುಗಿಸಿದ್ದೆ. ಈಗ ಚೂರನ್ನ ತೊಳೆದು ತುಂಬಿದೀನಿ. ನೀವೇ ನೀರು ಹಿಡಿದು ನೋಡಿ.”

“ನೋಡೇಬಿಡೋಣ, ಬಾ.”

ಶಂಭುಲಿಂಗಪ್ಪನವರು ಕೌಂಟರಿನಿಂದ ಖಾಲಿ ಗಾಜಿನ ಲೋಟ ಹಿಡಿದು ರಸ್ತೆ ದಾಟಿದರು. ಅದನ್ನು ಫಿಲ್ಟರಿನ ಕೊಳವೆಗೆ ಒಡ್ಡಿ, ಬೆಳಕಿಗೆತ್ತಿ ಅವರು ಕೂಗಿದ್ದು ತನ್ಮಯಿಗೂ ಕೇಳಿಸಿತು:

“ತೊಳೆದ ಚೂರು ಬಣ್ಣ ಬಿಡ್ತಿಲ್ಲ, ಫಿಲ್ಟರ್ ಇರಲಿ!”