ನಂದನ್ ಬರೆದ ಹೈಟಿ ಪ್ರಬಂಧ

ನಂದನ್ ತೀರಿಕೊಂಡನೆಂದು ಬೆಳಿಗ್ಗೆ ತಿಳಿಯಿತು. ಸಂಜೆ ಆಸ್ಪತ್ರೆಯ ಕಾಗದಗಳಿಗೆಲ್ಲ ಸಹಿ ಹಾಕಿ ಹಿಂತಿರುಗುತ್ತಿದ್ದ, ಮಗನ ಆರೈಕೆಗೆಂದು ಊರಿನಿಂದ ಬಂದಿದ್ದ ಅವನ ತಾಯಿ ವೇದವಲ್ಲಮ್ಮನಿಗೆ, ಜಪಾನಿನ ಸೆಂಡಾಯ್ ನಗರದ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಕನ್ನಡ ಕೇಳಿಸಿತು. ಮಾತಾಡುತ್ತಿದ್ದ ಇಬ್ಬರು ವಿದ್ಯಾರ್ಥಿಗಳಿಗೆ ಆಕೆಯ ಗುರುತಿರಲಿಲ್ಲ.

"ಸೆಮಿನಾರ್ ನಿಲ್ಲಿಸ್ಲಿಲ್ವಾ, ಉದಯ್?"

"ಇಲ್ಲ ಕಣೇ. ನಂದನ್ ಬರೆದಿದ್ದನ್ನ ನಾನೇ ಓದ್ಬಿಟ್ಟೆ."

"ಆ ಹೈಟಿ ದೇಶದ ಪ್ರಬಂಧಾನಾ?"

"ಹ್ಞೂಂ. ಗುಲಾಮರು ಕಾದಾಡಿ ಸ್ವಾತಂತ್ರ್ಯ ತಂದ್ರು, ಹೊಸ ದೊರೆಗಳು ಅವರನ್ನೇ ವಾಪಸ್ ಕಬ್ಬಿನ ತೋಟಕ್ಕೆ ಅಟ್ಟಿದ್ರು ಅಂತ. ನಮ್ಮ ಪ್ರೊಫೆಸರ್ ಮೋರಿ ಸಾನ್ ಎದ್ದುನಿಂತು ಚಪ್ಪಾಳೆ ತಟ್ಟಿದ್ರು."

"ಅವನ ಹೆಸರು ಹೇಳಿದ್ಯಾ?"

"ಯಾಕೆ ಹೇಳ್ಲಿ? ತಿದ್ದಿಕೊಡು ಅಂತ ನನಗೊಬ್ಬನಿಗೇ ತೋರಿಸಿದ್ದ. ಸತ್ತವನಿಗೆ ಚಪ್ಪಾಳೆ ಯಾತಕ್ಕೆ?"

"ಪಾಪಿ ಕಣೋ ನೀನು! ಸರಿ, ಪಾರ್ಟಿ ಯಾವಾಗ?"

ಇಬ್ಬರೂ ನಗುತ್ತಲೇ ಇಳಿದುಹೋದರು. ವೇದವಲ್ಲಮ್ಮ ಕಣ್ಣು ಮುಚ್ಚಿ ಕೈಮುಗಿದರು.

"ನಾರಾಯಣ, ಈ ಮಾತು ನನ್ನ ಕಂದನ ಕಿವಿಗೆ ಬೀಳದಿರಲಿ. ಅವನಿಗೆ ಶಾಂತಿ ಕೊಡಪ್ಪಾ."