ಲಟಕ್ ಅಂದದ್ದು ಯಾವುದು

ತುರ್ಪಾನಿನ ಆಸ್ಪತ್ರೆಯಲ್ಲಿ ಹಲ್ಲುನೋವಿಗೆ ಕೆನ್ನೆ ಹಿಡಿದು ಕೂತಿದ್ದ ಝೋಹ್ರಾಳಿಗೆ ಪಕ್ಕದ ಮುದುಕನ ಚಡಪಡಿಕೆ ಹಲ್ಲಿಗಿಂತ ಹೆಚ್ಚು ಕಾಡುತ್ತಿತ್ತು. ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದ ಆತ ನಿಮಿಷಕ್ಕೊಮ್ಮೆ ಕಿಟಕಿಯತ್ತ ನೋಡಿ ಹೆಂಡತಿಯತ್ತ ತಿರುಗುತ್ತಿದ್ದ.

"ಚಳಿ ಬಂದೇಬಿಡ್ತು ಕಣೇ. ಚಪ್ಪರದಿಂದ ದ್ರಾಕ್ಷಿಬಳ್ಳಿ ಇಳಿಸಿ ಮಣ್ಣು ಮುಚ್ಚದಿದ್ರೆ ಸತ್ತೇ ಹೋಗತ್ತೆ."

"ನಿನ್ನೇನೇ ಮುಚ್ಚಿದೆ. ಸುಮ್ನೆ ಕೂತ್ಕೊಳ್ಳಿ."

"ಒಬ್ಳೇನಾ?"

"ಮತ್ತೆ? ನಿಮ್ಮ ಮಂಡಿ ಬರ್ತಿತ್ತಾ?"

"ಯಾವ ಕಡೆ ಬಗ್ಗಿಸಿದೆ?"

"ಗೋಡೆ ಕಡೆ."

"ಅಯ್ಯೋ! ಮೂವತ್ತು ವರ್ಷದಿಂದ ಕಾಲುವೆ ಕಡೆಗೇ ಮಲಗಿಸಿದೀನಿ. ಬೇರೆ ಕಡೆ ಬಗ್ಗಲ್ಲ ಅದು."

"ಬಗ್ಗಿತಲ್ಲ. ಸ್ವಲ್ಪ ಮೊಂಡಾಟ ಮಾಡ್ತು, ನಿಮ್ಮ ಹಾಗೇ."

"ಸದ್ದೇನಾದ್ರೂ ಬಂತಾ?"

ಮುದುಕಿ ತಲೆವಸ್ತ್ರ ಸರಿಮಾಡಿಕೊಂಡಳು. "ಲಟಕ್ ಅಂತು. ನನ್ನ ಸೊಂಟಾನೇ ಇರ್ಬೇಕು ಅಂದ್ಕೊಂಡೆ."

"ಸೊಂಟ ನೋಯ್ತಿದ್ಯಾ?" ಮುದುಕನ ದನಿಯಲ್ಲಿ ಆಸೆಯಿತ್ತು.

"ಇಲ್ಲಪ್ಪ, ಚೆನ್ನಾಗೇ ಇದೆ."

ಆತ ಊರುಗೋಲು ಎತ್ತಿಕೊಂಡು ಎದ್ದೇಬಿಟ್ಟ. ಒಳಗಿನಿಂದ ನರ್ಸ್ ಅವನ ಸರದಿ ಬಂತೆಂದು "ಹೇಮಿತ್ ಆಖುನ್!" ಎಂದು ಕೂಗಿದಳು. ಆತ ಆಗಲೇ ಬಾಗಿಲು ದಾಟಿ ಕುಂಟುತ್ತ ಓಡುತ್ತಿದ್ದ.

ಮುದುಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಹಿಂದೆಯೇ ಧಾವಿಸಿದಳು.

"ರೀ, ನಿಲ್ಲಿ! ಈಗ ನೋಯ್ತಿದೆ! ನಿಜವಾಗ್ಲೂ ನೋಯ್ತಿದೆ!"