ಮನೆ ಅನ್ನೋ ಬಟನ್ನು

ಪಂಕ್ಚರ್ ಹಾಕಿಸಲು ಸೈಕಲ್ ಅಂಗಡಿಯಲ್ಲಿ ಕೂತಿದ್ದ ಟೀಚರಮ್ಮ ಕೇಳಬಾರದು ಅಂದುಕೊಂಡರೂ ಎಲ್ಲಾ ಕಿವಿಗೆ ಬೀಳುತ್ತಿತ್ತು. ಪಕ್ಕದಲ್ಲೇ ಒಬ್ಬರು ಮುದುಕರು, ಅವರ ಮಗಳು ಸೈಕಲ್ಲಿಗೆ ದಾರಿ ತೋರಿಸುವ ಯಂತ್ರ ಆರಿಸುತ್ತಿದ್ದರು.

“ಮೂವತ್ತು ವರ್ಷ ಈ ಊರಲ್ಲಿ ಟಪಾಲು ಹಂಚಿದೀನಿ ಕಣೇ. ನಂಗ್ಯಾಕೆ ಇದು?”

“ಮೊನ್ನೆ ದಾರಿ ಮರೆತು ಸಂಜೆವರೆಗೂ ಅಲೆದ್ರಲ್ಲಪ್ಪಾ, ಅದಕ್ಕೆ.”

“ಇದು ತಗೊಳ್ಳಿ,” ಅಂದ ಅಂಗಡಿಯವನು. “ಈ ಬಟನ್ ಒತ್ತಿದ್ರೆ ಸೀದಾ ಮನೆಗೆ ಕರ್ಕೊಂಡು ಹೋಗುತ್ತೆ. ವಿಳಾಸ ಹೇಳಿ, ಹಾಕ್ಕೊಡ್ತೀನಿ.”

ಮಗಳು ತಡವರಿಸಿದಳು. “ಅಣ್ಣನ ಮನೇದು ಹಾಕಿ.”

“ಅವನು ನಿನ್ನ ಮನೇದೇ ಹಾಕಿಸು ಅಂದ್ನಲ್ಲಮ್ಮ,” ಅಂದರು ಮುದುಕರು.

“ಅವನೇನು, ಅಂದ್ಬಿಡ್ತಾನೆ! ನಮ್ಮನೇಲಿ ಜಾಗ ಎಲ್ಲಿದೆ?”

ಮುದುಕರು ಅಂಗಡಿಯವನ ಕಡೆ ತಿರುಗಿದರು.

“ನಿನ್ನ ಅಂಗಡೀದೇ ಹಾಕ್ಬಿಡಪ್ಪ. ಇಲ್ಲಿಗೆ ಬಂದ್ರೆ ಚಕ್ರಕ್ಕೆ ಗಾಳಿನಾದ್ರೂ ಹಾಕ್ತೀಯ.”

ಯಂತ್ರ ಮೇಜಿನ ಮೇಲೇ ಉಳಿಯಿತು. ಹೊರಗೆ ಮುದುಕರು ಸೈಕಲ್ ಜೊತೆ ಎಡಕ್ಕೋ ಬಲಕ್ಕೋ ತಿಳಿಯದೆ ನಿಂತರು. ಮಗಳೇ ಹ್ಯಾಂಡಲ್ ಹಿಡಿದು, ಅಣ್ಣನ ಮನೆ ಕಡೆ ತಿರುಗಿಸಿದಳು.